ಚಾರ್ಟ್‌ನ ಅಕ್ಷರಕ್ಕೆ ಅಂಚು, ಗೆರೆಗೆ ನೆರಳು: ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಪಾತ್ ಎಫೆಕ್ಟ್ಸ್ ಬಳಸುವ ಬಗೆ

1951ರಿಂದ 2011ರವರೆಗಿನ ಏಳು ಜನಗಣತಿಗಳಲ್ಲಿ ಕರ್ನಾಟಕ, ರಾಜಸ್ಥಾನ ಮತ್ತು ಗುಜರಾತ್ ರಾಜ್ಯಗಳ ಜನಸಂಖ್ಯೆ ಹೇಗೆ ಏರಿತು ಎಂಬುದನ್ನು ಒಂದೇ ಚಾರ್ಟ್‌ನಲ್ಲಿ ಮೂರು ಗೆರೆಗಳಾಗಿ ಎಳೆದು ನೋಡಿ. ಅಂಕಿಗಳು ಸರಳವಾಗಿವೆ, ಚಿತ್ರ ಮಾತ್ರ ಗೋಜಲಾಗಿ ಬರುತ್ತದೆ. ರಾಜಸ್ಥಾನ ಮತ್ತು ಗುಜರಾತ್‌ನ ಗೆರೆಗಳು ಮೊದಲ ಇಪ್ಪತ್ತು ವರ್ಷ ಒಂದನ್ನೊಂದು ಒರೆಸಿಕೊಂಡೇ ಸಾಗಿ, 1981ಕ್ಕೆ ಸ್ವಲ್ಪ ಮುನ್ನ ಪರಸ್ಪರ ದಾಟುತ್ತವೆ. 1991ರಲ್ಲಿ ಕರ್ನಾಟಕಕ್ಕಿಂತ ತುಸು ಕೆಳಗಿದ್ದ ರಾಜಸ್ಥಾನ 2001ರ ಹೊತ್ತಿಗೆ ಅದನ್ನು ದಾಟಿ ಮೇಲೆ ಹೋಗಿದೆ. 2011ರಲ್ಲಿ ಕರ್ನಾಟಕ ಮತ್ತು ಗುಜರಾತ್ ಹೆಚ್ಚುಕಡಿಮೆ ಒಂದೇ ಬಿಂದುವಿನಲ್ಲಿ ಬಂದು ನಿಂತಿವೆ. ಇಂತಹ ಚಿತ್ರದಲ್ಲಿ ರಾಜ್ಯದ ಹೆಸರನ್ನು ಎಲ್ಲಿ ಬರೆದರೂ ಅದು ಯಾವುದಾದರೊಂದು ಗೆರೆಯ ಮೇಲೆ ಬಂದು ಕೂರುತ್ತದೆ.

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಚಾರ್ಟ್ ಬರೆಯಲು ಬಳಸುವ ಮ್ಯಾಟ್‌ಪ್ಲಾಟ್‌ಲಿಬ್ ಗ್ರಂಥಾಲಯದಲ್ಲಿ ಈ ತೊಡಕಿಗೆಂದೇ ಒಂದು ಸೌಲಭ್ಯವಿದೆ, ಅದರ ಹೆಸರು ಪಾತ್ ಎಫೆಕ್ಟ್ಸ್. ಅಕ್ಷರದ ಸುತ್ತ ಬಿಳಿ ಅಂಚು, ಗೆರೆಯ ಕೆಳಗೆ ನೆರಳು, ಗೆರೆಯುದ್ದಕ್ಕೂ ಸಣ್ಣ ಕಚ್ಚುಗಳು, ಇವೆಲ್ಲ ಅದರಿಂದ ಸಾಧ್ಯ. ಬಹಳ ಮಂದಿ ಇದನ್ನು ಅಲಂಕಾರದ ಸಾಮಾನು ಎಂದುಕೊಂಡಿದ್ದಾರೆ. ನನ್ನ ಅನುಭವದಲ್ಲಿ ಇದರ ನಿಜವಾದ ಕೆಲಸ ಒಂದರ ಮೇಲೊಂದು ಬಿದ್ದಿರುವುದನ್ನು ಬಿಡಿಸಿ ತೋರಿಸುವುದು. ಎಷ್ಟು ಅಂಚು ಬೇಕು ಎಂಬುದನ್ನು ಕಣ್ಣಂದಾಜಿಗಿಂತ ಪಾಯಿಂಟ್ ಲೆಕ್ಕದಲ್ಲಿ ತೀರ್ಮಾನಿಸುವುದು ಒಳ್ಳೆಯದು. ಮುದ್ರಣದವರ ಪಾಯಿಂಟ್ ಇಲ್ಲಿಯೂ ಅದೇ, ಒಂದು ಇಂಚಿಗೆ 72.

ಒಂದು ಸೂಚನೆ. ಈ ಲೇಖನದಲ್ಲಿ ಆದೇಶಗಳ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಕಂಪ್ಯೂಟರಿನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಬೇಕು. ದೊಡ್ಡಕ್ಷರ ಅಥವಾ ಅಂಡರ್‌ಸ್ಕೋರ್ ಮುಖ್ಯವಾಗುವ ಕಡೆ ಅದನ್ನು ಬಿಡಿಸಿ ಹೇಳಿದ್ದೇನೆ.

ಮೊದಲ ಹಂತ: ಬರಿಯ ಚಾರ್ಟ್

ಅಂಕಿಗಳನ್ನು ಕೋಟಿಗಳಲ್ಲಿ ತೆಗೆದುಕೊಳ್ಳೋಣ. 1951ರಿಂದ ಆರಂಭಿಸಿ ಹತ್ತು ಹತ್ತು ವರ್ಷಕ್ಕೆ ಕರ್ನಾಟಕ 1.94, 2.36, 2.93, 3.71, 4.50, 5.29, 6.11. ರಾಜಸ್ಥಾನ 1.60, 2.02, 2.58, 3.43, 4.40, 5.65, 6.85. ಗುಜರಾತ್ 1.63, 2.06, 2.67, 3.41, 4.13, 5.07, 6.04. ಕರ್ನಾಟಕವು ಏಕೀಕರಣಗೊಂಡದ್ದು 1956ರಲ್ಲಿ, ಗುಜರಾತ್ ಪ್ರತ್ಯೇಕ ರಾಜ್ಯವಾದದ್ದು 1960ರಲ್ಲಿ. ಆದ್ದರಿಂದ ಹಳೆಯ ವರ್ಷಗಳ ಅಂಕಿಗಳು ನಂತರದ ಗಡಿಗಳಿಗೆ ಹೊಂದಿಸಿ ಕೊಟ್ಟವು ಎಂಬುದು ನೆನಪಿರಲಿ.

ಚಿತ್ರದ ಅಳತೆಯನ್ನು 7 ಇಂಚು ಅಗಲ, 5 ಇಂಚು ಎತ್ತರ ಎಂದು ಇಡಿ. ಲಂಬ ಅಕ್ಷವನ್ನು 0ಯಿಂದ 8 ಕೋಟಿಯವರೆಗೆ ಕೊಡಿ. ಗೆರೆಗಳ ದಪ್ಪ, ಅಂದರೆ ಲೈನ್‌ವಿಡ್ತ್, 2 ಪಾಯಿಂಟ್ ಇರಲಿ. ಮ್ಯಾಟ್‌ಪ್ಲಾಟ್‌ಲಿಬ್ ತಾನಾಗಿ ಬಿಡುವ ಮೇಲಿನ ಕೆಳಗಿನ ಅಂಚುಗಳನ್ನು ಕಳೆದರೆ, ಗೆರೆಗಳು ಓಡುವ ಜಾಗಕ್ಕೆ 3.85 ಇಂಚು ಎತ್ತರ ಉಳಿಯುತ್ತದೆ. ಅದು ಸುಮಾರು 277 ಪಾಯಿಂಟ್. ಎಂಟು ಕೋಟಿಗೆ 277 ಪಾಯಿಂಟ್ ಎಂದರೆ ಒಂದು ಕೋಟಿಗೆ ಸುಮಾರು 35 ಪಾಯಿಂಟ್. 2011ರಲ್ಲಿ ಕರ್ನಾಟಕಕ್ಕೂ ಗುಜರಾತ್‌ಗೂ ಇರುವ ವ್ಯತ್ಯಾಸ 0.07 ಕೋಟಿ, ಕಾಗದದ ಮೇಲೆ ಅದು ಎರಡೂವರೆ ಪಾಯಿಂಟಿಗೂ ಒಂದು ಕೂದಲೆಳೆ ಕಡಿಮೆ. ಹತ್ತು ಪಾಯಿಂಟಿನ ಅಕ್ಷರದಲ್ಲಿ ಎರಡು ಹೆಸರುಗಳನ್ನು ಒಂದರ ಕೆಳಗೊಂದು ಬರೆಯಲು ಕನಿಷ್ಠ 12 ಪಾಯಿಂಟ್ ಅಂತರ ಬೇಕು.

ಇದರಿಂದ ಮೊದಲೇ ತಿಳಿಯುವ ಸಂಗತಿಯೆಂದರೆ, ಗೆರೆಗಳ ಬಲತುದಿಯಲ್ಲಿ ಈ ಎರಡು ಹೆಸರುಗಳನ್ನು ಅಕ್ಕಪಕ್ಕ ಬರೆಯುವುದು ಸಾಧ್ಯವಿಲ್ಲ, ಯಾವ ಎಫೆಕ್ಟ್ ಹಾಕಿದರೂ ಸಾಧ್ಯವಿಲ್ಲ. ಅಕ್ಷರದ ಮೇಲೆ ಅಕ್ಷರ ಬಿದ್ದರೆ ಅಂಚಿನಿಂದ ಅದು ಪರಿಹಾರವಾಗುವುದಿಲ್ಲ. ಹೆಸರನ್ನೇ ಸರಿಸಬೇಕು. ಕರ್ನಾಟಕದ ಹೆಸರನ್ನು ಅದರ ಗೆರೆ ಎಲ್ಲಕ್ಕಿಂತ ಮೇಲಿರುವ 1971ರ ಆಸುಪಾಸಿನಲ್ಲೂ, ರಾಜಸ್ಥಾನದ್ದನ್ನು ಬಲತುದಿಯ ಮೇಲ್ಭಾಗದಲ್ಲೂ, ಗುಜರಾತ್‌ನದ್ದನ್ನು 2001ರ ಬಳಿ ಗೆರೆಯ ಕೆಳಗೂ ಇಡುವುದು ಒಂದು ದಾರಿ. ಹಾಗೆ ಇಟ್ಟ ಮೇಲೂ ಹೆಸರಿನ ಹಿಂದೆ ಹಿನ್ನೆಲೆಯ ಗ್ರಿಡ್ ಗೆರೆಗಳು ಹಾದುಹೋಗುತ್ತವೆ, ಒಂದೆರಡು ಅಕ್ಷರಗಳಿಗೆ ಜನಸಂಖ್ಯೆಯ ಗೆರೆಯೇ ತಾಗುತ್ತದೆ. ಪಾತ್ ಎಫೆಕ್ಟ್ಸ್ ಕೆಲಸಕ್ಕೆ ಬರುವುದು ಇಲ್ಲಿಂದ ಮುಂದೆ.

ಎರಡನೆಯ ಹಂತ: ಅಕ್ಷರಕ್ಕೆ ಅಂಚು

ಮೊದಲು ಪಾತ್‌ಎಫೆಕ್ಟ್ಸ್ ಎಂಬ ಮಾಡ್ಯೂಲನ್ನು ಮ್ಯಾಟ್‌ಪ್ಲಾಟ್‌ಲಿಬ್‌ನಿಂದ ಇಂಪೋರ್ಟ್ ಮಾಡಿಕೊಳ್ಳಬೇಕು. ಬರೆಯುವ ಸುಲಭಕ್ಕೆ ಅದಕ್ಕೆ ಪಿಇ ಎಂಬ ಎರಡಕ್ಷರದ ಅಡ್ಡಹೆಸರು ಕೊಡುವುದು ವಾಡಿಕೆ. ಹೊಸಬರು ಎಡವುವುದು ಇಲ್ಲಿಯೇ. ಮಾಡ್ಯೂಲಿನ ಹೆಸರು ನಡುವೆ ಅಂಡರ್‌ಸ್ಕೋರ್ ಇಲ್ಲದ ಒಂದೇ ಪದ. ಆದರೆ ಅಕ್ಷರಕ್ಕೋ ಗೆರೆಗೋ ಎಫೆಕ್ಟ್ ಕೊಡುವಾಗ ಬಳಸುವ ಆರ್ಗ್ಯುಮೆಂಟಿನ, ಅಂದರೆ ಆದೇಶದ ಆವರಣದೊಳಗೆ ಬರೆಯುವ ಆಯ್ಕೆಯ, ಹೆಸರಿನಲ್ಲಿ ಪಾತ್ ಮತ್ತು ಎಫೆಕ್ಟ್ಸ್ ನಡುವೆ ಅಂಡರ್‌ಸ್ಕೋರ್ ಇದೆ. ಒಂದರ ಬದಲು ಇನ್ನೊಂದನ್ನು ಬರೆದರೆ ಪ್ರೋಗ್ರಾಮ್ ಅಲ್ಲಿಗೇ ನಿಲ್ಲುತ್ತದೆ.

ಚಾರ್ಟ್‌ನಲ್ಲಿ ಹೆಸರು ಬರೆಯುವ ಟೆಕ್ಸ್ಟ್ ಆದೇಶಕ್ಕೆ ಆ ಆರ್ಗ್ಯುಮೆಂಟಿನ ಮೂಲಕ ಒಂದು ಪಟ್ಟಿಯನ್ನು ಕೊಡಬೇಕು. ಎಫೆಕ್ಟ್ ಒಂದೇ ಇದ್ದರೂ ಅದನ್ನು ಚೌಕ ಆವರಣದೊಳಗೆ ಪಟ್ಟಿಯಾಗಿಯೇ ಕೊಡಬೇಕು. ಆ ಪಟ್ಟಿಯೊಳಗೆ ಬರೆಯಬೇಕಾದದ್ದು ಇಷ್ಟೇ:

ಪಿಇ.ವಿತ್‌ಸ್ಟ್ರೋಕ್(ಲೈನ್‌ವಿಡ್ತ್=3, ಫೋರ್‌ಗ್ರೌಂಡ್="ವೈಟ್")

ವಿತ್‌ಸ್ಟ್ರೋಕ್ ಎಂಬುದರಲ್ಲಿ ವಿತ್ ಸಣ್ಣಕ್ಷರದಿಂದಲೂ ಸ್ಟ್ರೋಕ್ ದೊಡ್ಡಕ್ಷರದಿಂದಲೂ ಆರಂಭವಾಗುತ್ತದೆ. ಈಗಾಗಲೇ ಬರೆದು ಮುಗಿಸಿದ ಹೆಸರಿಗೆ ಆಮೇಲೆ ಅಂಚು ಕೊಡಬೇಕಾದರೆ, ಆ ಹೆಸರಿನ ಮೇಲೆ ಸೆಟ್ ಪಾತ್ ಎಫೆಕ್ಟ್ಸ್ ಎಂಬ ಆದೇಶವನ್ನು, ಮೂರು ಪದಗಳ ನಡುವೆಯೂ ಅಂಡರ್‌ಸ್ಕೋರ್ ಸೇರಿಸಿ, ಅದೇ ಪಟ್ಟಿಯೊಂದಿಗೆ ಕರೆಯಬಹುದು. ಅಕ್ಷದ ಮೇಲಿನ ವರ್ಷಗಳಿಗೆ, ಶೀರ್ಷಿಕೆಗೆ, ಕಾಂಟೂರ್ ಗೆರೆಗಳ ಮೇಲಿನ ಅಂಕಿಗಳಿಗೆ, ಎಲ್ಲಕ್ಕೂ ಇದೇ ಕ್ರಮ.

ಈಗ ದಪ್ಪದ ಲೆಕ್ಕ. ಮೂರು ಪಾಯಿಂಟ್ ಎಂದು ಕೊಟ್ಟರೆ ಅಕ್ಷರದ ಸುತ್ತ ಮೂರು ಪಾಯಿಂಟ್ ಬಿಳಿ ಬರುವುದಿಲ್ಲ. ಅಂಚಿನ ಗೆರೆಯ ನಡುಮಧ್ಯ ಅಕ್ಷರದ ಹೊರರೇಖೆಯ ಮೇಲೆಯೇ ಓಡುತ್ತದೆ. ಅದರ ಅರ್ಧ ಒಳಗೆ ಬಿದ್ದು ಅಕ್ಷರದ ಬಣ್ಣದ ಕೆಳಗೆ ಮುಚ್ಚಿಹೋಗುತ್ತದೆ, ಉಳಿದ ಒಂದೂವರೆ ಪಾಯಿಂಟ್ ಮಾತ್ರ ಹೊರಗೆ ಕಾಣುತ್ತದೆ. ಹತ್ತು ಪಾಯಿಂಟ್ ಅಕ್ಷರಕ್ಕೆ ಅಷ್ಟೇ ಸಾಕು. ನಾನು ಎರಡೂವರೆಯಿಂದ ಮೂರರೊಳಗೆ ಇಡುತ್ತೇನೆ. ಐದಕ್ಕಿಂತ ಮೇಲೆ ಹೋದರೆ ಹೆಸರು ಮೋಡದೊಳಗೆ ಕುಳಿತಂತೆ ಕಾಣುತ್ತದೆ, ಅದರ ಹಿಂದಿನ ಗೆರೆಯೂ ಅಗತ್ಯಕ್ಕಿಂತ ಹೆಚ್ಚು ಅಳಿಸುತ್ತದೆ. ಹೆಸರಿನ ಹಿಂದೆ ಬಿಳಿಯ ಚೌಕಟ್ಟು ಇಡುವ ಹಳೆಯ ಉಪಾಯಕ್ಕಿಂತ ಅಂಚು ಮೇಲಾಗಿರುವುದೇ ಅದು ಅಕ್ಷರದ ಆಕಾರಕ್ಕೆ ಅಂಟಿಕೊಂಡು ಕಡಿಮೆ ಜಾಗ ನುಂಗುತ್ತದೆ ಎಂಬ ಕಾರಣಕ್ಕೆ.

ವಿತ್‌ಸ್ಟ್ರೋಕ್‌ನ ಹತ್ತಿರದ ಬಂಧು ಸ್ಟ್ರೋಕ್. ಅದು ಅಂಚನ್ನು ಮಾತ್ರ ಎಳೆಯುತ್ತದೆ, ಮೂಲ ಅಕ್ಷರವನ್ನು ಮತ್ತೆ ಮೇಲೆ ಬರೆಯುವುದಿಲ್ಲ. ಆದ್ದರಿಂದ ಸ್ಟ್ರೋಕ್ ಒಂದನ್ನೇ ಕೊಟ್ಟರೆ ಬಿಳಿ ಗೆರೆಯ ಒಳಭಾಗ ಅಕ್ಷರದ ಮೇಲೆಯೇ ಬಿದ್ದು, ತೆಳು ಅಕ್ಷರಗಳು ಇಲಿ ಕಡಿದ ಹಾಗೆ ಅಲ್ಲಲ್ಲಿ ಮಾತ್ರ ಉಳಿಯುತ್ತವೆ. ಪಟ್ಟಿಯಲ್ಲಿ ಸ್ಟ್ರೋಕ್ ಆದ ಬಳಿಕ ನಾರ್ಮಲ್ ಎಂಬುದನ್ನು ಸೇರಿಸಿದರೆ ಸರಿಹೋಗುತ್ತದೆ, ಏಕೆಂದರೆ ಮೂಲ ರೂಪವನ್ನು ಇದ್ದ ಹಾಗೆ ಬರೆಯುವುದೇ ನಾರ್ಮಲ್‌ನ ಕೆಲಸ. ಪಟ್ಟಿಯಲ್ಲಿ ಮೊದಲು ಬರೆದದ್ದು ಮೊದಲು ಚಿತ್ರಿತವಾಗಿ ಕೆಳಗೆ ಉಳಿಯುತ್ತದೆ, ಕೊನೆಯದ್ದು ಮೇಲೆ ಬರುತ್ತದೆ. ಅಂಗಡಿ ಫಲಕ ಬರೆಯುವ ಕಲಾವಿದರು ಮೊದಲು ಅಕ್ಷರ ತುಂಬಿ, ಆಮೇಲೆ ಅಂಚು ಕಟ್ಟಿ, ಕೊನೆಗೆ ಬಲಕ್ಕೂ ಕೆಳಕ್ಕೂ ನೆರಳು ಹಾಕುವುದನ್ನು ನೋಡಿದ್ದವರು ಆ ಕ್ರಮವನ್ನು ಇಲ್ಲಿ ತಿರುವುಮುರುವು ಮಾಡಿಕೊಳ್ಳಬೇಕು: ನೆರಳು ಮೊದಲು, ಅಂಚು ನಂತರ, ಅಕ್ಷರ ಕೊನೆಗೆ.

ಸ್ಟ್ರೋಕ್ ಮತ್ತು ನಾರ್ಮಲ್ ಬೇರೆ ಬೇರೆಯಾಗಿ ಇರುವುದರ ಪ್ರಯೋಜನ ಕಾಣುವುದು ಎರಡು ಅಂಚು ಬೇಕಾದಾಗ. ಹೀಟ್‌ಮ್ಯಾಪ್‌ನ ಮೇಲೋ ಉಪಗ್ರಹ ಚಿತ್ರದ ಮೇಲೋ ಹೆಸರು ಬರೆಯುವಾಗ ಹಿನ್ನೆಲೆ ಒಂದು ಕಡೆ ಕಪ್ಪಾಗಿ, ಮತ್ತೊಂದು ಕಡೆ ಬೆಳ್ಳಗೆ ಇರುತ್ತದೆ. ಅಲ್ಲಿ 5 ಪಾಯಿಂಟಿನ ಕಪ್ಪು ಸ್ಟ್ರೋಕ್, ಅದರ ಮೇಲೆ 3 ಪಾಯಿಂಟಿನ ಬಿಳಿ ಸ್ಟ್ರೋಕ್, ಅದರ ಮೇಲೆ ಕಪ್ಪು ಅಕ್ಷರದ ನಾರ್ಮಲ್ ಎಂದು ಮೂರು ಪದರ ಕೊಟ್ಟರೆ ಯಾವ ಹಿನ್ನೆಲೆಯಲ್ಲೂ ಓದಬಹುದು. ನೋಡಲು ಸ್ವಲ್ಪ ಗದ್ದಲ ಎನಿಸಿದರೂ ಅಂತಹ ಕಡೆ ಓದಲು ಬರುವುದೇ ಮುಖ್ಯ.

ಅಂಚಿನ ಬಣ್ಣದ ವಿಷಯದಲ್ಲಿ ನಾನೇ ಮಾಡಿಕೊಂಡ ತಪ್ಪೊಂದನ್ನು ಹೇಳಬೇಕು. ಒಂದು ಸ್ಮರಣ ಸಂಚಿಕೆಗಾಗಿ ಚಾರ್ಟ್ ಮಾಡಿ, ಹಿನ್ನೆಲೆ ಪಾರದರ್ಶಕವಾಗಿರುವಂತೆ ಉಳಿಸಿ ಕಳುಹಿಸಿದ್ದೆ. ಅವರು ಅದನ್ನು ಕೆನೆ ಬಣ್ಣದ ಪುಟದ ಮೇಲೆ ಕೂರಿಸಿದರು. ಪರದೆಯ ಮೇಲೆ ಕಣ್ಣಿಗೆ ಬೀಳದಿದ್ದ ಬಿಳಿ ಅಂಚು ಮುದ್ರಣದಲ್ಲಿ ಪ್ರತಿ ಹೆಸರಿಗೂ ಅಂಟಿಸಿದ ಚೀಟಿಯ ಹಾಗೆ ಎದ್ದು ಕಂಡಿತು. ಅಂದಿನಿಂದ ಅಂಚಿಗೆ ಬಿಳಿ ಎಂದು ನೇರವಾಗಿ ಬರೆಯುವುದನ್ನು ಬಿಟ್ಟಿದ್ದೇನೆ. ಚಾರ್ಟ್‌ನ ಹಿನ್ನೆಲೆ ಬಣ್ಣವನ್ನು ಗೆಟ್ ಫೇಸ್‌ಕಲರ್ ಎಂಬ ಆದೇಶದಿಂದ ಪಡೆದು ಫೋರ್‌ಗ್ರೌಂಡ್‌ಗೆ ಅದನ್ನೇ ಕೊಡುತ್ತೇನೆ. ಪುಟದ ಬಣ್ಣ ಯಾವುದು ಎಂದು ಮೊದಲೇ ಕೇಳಿ ತಿಳಿದುಕೊಂಡು ಹಿನ್ನೆಲೆಯನ್ನು ಆ ಬಣ್ಣಕ್ಕೇ ಇಡುತ್ತೇನೆ.

ಮೂರನೆಯ ಹಂತ: ಗೆರೆಗೆ ಅಂಚು

ಗೆರೆ ಎಳೆಯುವ ಪ್ಲಾಟ್ ಆದೇಶಕ್ಕೂ ಅದೇ ಆರ್ಗ್ಯುಮೆಂಟನ್ನು ಕೊಡಬಹುದು. ಗೆರೆಯ ದಪ್ಪ 2 ಪಾಯಿಂಟ್, ವಿತ್‌ಸ್ಟ್ರೋಕ್‌ನ ದಪ್ಪ 5 ಪಾಯಿಂಟ್ ಎಂದಿದ್ದರೆ ಎರಡೂ ಬದಿಗೆ ಒಂದೂವರೆ ಪಾಯಿಂಟ್ ಬಿಳಿ ಕಾಣುತ್ತದೆ. ಗೆರೆಯೊಂದು ಮತ್ತೊಂದನ್ನು ದಾಟುವ ಕಡೆ ಕೆಳಗಿನ ಗೆರೆ ತುಸು ಕಡಿದು, ಮೇಲಿನದು ಸೇತುವೆಯಂತೆ ಹಾದುಹೋದ ಭಾವನೆ ಬರುತ್ತದೆ. ಯಾವುದು ಮೇಲೆ ಎಂಬುದನ್ನು ಝಡ್‌ಆರ್ಡರ್ ಎಂಬ ಸಂಖ್ಯೆ ತೀರ್ಮಾನಿಸುತ್ತದೆ, ದೊಡ್ಡ ಸಂಖ್ಯೆಯದು ಮೇಲೆ. ಅದನ್ನು ಕೊಡದಿದ್ದರೆ ಕೊನೆಗೆ ಎಳೆದ ಗೆರೆ ಮೇಲಿರುತ್ತದೆ.

ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಎಕ್ಸ್‌ಕೆಸಿಡಿ ಎಂಬ ಆದೇಶವಿದೆ. ಅದೇ ಹೆಸರಿನ ಇಂಗ್ಲಿಷ್ ವೆಬ್ ಕಾಮಿಕ್‌ನ ಶೈಲಿಯಲ್ಲಿ, ಕೈಯಲ್ಲಿ ಗೀಚಿದಂತೆ ಚಾರ್ಟ್ ಬರೆಯುವ ತಮಾಷೆಯ ಸೌಲಭ್ಯ ಅದು. ಆ ಚಾರ್ಟ್‌ಗಳಲ್ಲಿ ಗೆರೆಗಳು ಸಂಧಿಸುವ ಕಡೆ ಬಿಳಿಯ ಸಂದು ಕಾಣುವುದನ್ನು ನೀವು ಗಮನಿಸಿರಬಹುದು. ಅದರ ಗುಟ್ಟು ಇದೇ: ಆ ಆದೇಶ ಎಲ್ಲ ಗೆರೆಗಳಿಗೂ ಅಕ್ಷರಗಳಿಗೂ 4 ಪಾಯಿಂಟಿನ ಬಿಳಿ ವಿತ್‌ಸ್ಟ್ರೋಕನ್ನು ಒಟ್ಟಿಗೆ ಹಾಕಿಬಿಡುತ್ತದೆ.

ಆದರೆ ಎಲ್ಲ ಗೆರೆಗೂ ಒಂದೇ ಅಂಚು ಎಂಬ ಆ ನೀತಿ ನಮ್ಮ ಜನಗಣತಿಯ ಚಾರ್ಟ್‌ಗೆ ಹೊಂದುವುದಿಲ್ಲ. 2011ರ ತುದಿಯನ್ನು ಹತ್ತಿರದಿಂದ ನೋಡೋಣ. ಕರ್ನಾಟಕದ ಗೆರೆ ಮೇಲಿದೆ, ಅದಕ್ಕೆ 5 ಪಾಯಿಂಟ್ ಅಂಚು ಕೊಟ್ಟಿದ್ದೇವೆ ಎಂದುಕೊಳ್ಳಿ. ಅಂಚು ಅದರ ನಡುಗೆರೆಯಿಂದ ಕೆಳಗೆ ಎರಡೂವರೆ ಪಾಯಿಂಟ್‌ವರೆಗೆ ಚಾಚುತ್ತದೆ. ಗುಜರಾತ್‌ನ ನಡುಗೆರೆ ಇರುವುದೇ ಸುಮಾರು ಎರಡೂವರೆ ಪಾಯಿಂಟ್ ಕೆಳಗೆ. ಎಂದರೆ ಎರಡು ಪಾಯಿಂಟ್ ದಪ್ಪದ ಗುಜರಾತ್ ಗೆರೆಯ ಮೇಲರ್ಧವನ್ನು ಕರ್ನಾಟಕದ ಅಂಚು ತಿಂದುಹಾಕುತ್ತದೆ, ತುದಿಯತ್ತ ಬರುಬರುತ್ತಾ ಆ ಗೆರೆ ಸಣಕಲಾದಂತೆ ಕಾಣುತ್ತದೆ. 1951ರ ತುದಿ ಇನ್ನೂ ಕಷ್ಟದ್ದು. ರಾಜಸ್ಥಾನಕ್ಕೂ ಗುಜರಾತ್‌ಗೂ ಅಲ್ಲಿ 0.03 ಕೋಟಿ ವ್ಯತ್ಯಾಸ, ಅಂದರೆ ಒಂದು ಪಾಯಿಂಟ್. ಮೇಲಿರುವ ಗೆರೆ ಮತ್ತು ಅದರ ಅಂಚು ಸೇರಿ ಕೆಳಗಿನದನ್ನು ಪೂರ್ತಿಯಾಗಿ ಅಳಿಸಿ, ಆ ರಾಜ್ಯದ ದಾಖಲೆ 1951ರಲ್ಲಿ ಇರಲೇ ಇಲ್ಲವೇನೋ ಎಂಬ ತಪ್ಪು ಅರ್ಥ ಕೊಡುತ್ತದೆ. ಚಾರ್ಟ್‌ನಲ್ಲಿ ಇದು ಬರಿಯ ಅಂದದ ಲೋಪವಲ್ಲ, ಅಂಕಿಯ ಲೋಪ.

ಆದ್ದರಿಂದ ನಾನು ಪಾಲಿಸುವ ಕ್ರಮ ಹೀಗಿದೆ. ಗೆರೆಗಳು ಅಗಲವಾದ ಕೋನದಲ್ಲಿ ದಾಟಿಕೊಳ್ಳುವ ಚಾರ್ಟ್‌ನಲ್ಲಿ, ಮಾರ್ಗಸೂಚಿ ನಕ್ಷೆಗಳಲ್ಲಿ ಇರುವ ಹಾಗೆ, ಒಂದೂವರೆ ಪಾಯಿಂಟ್ ಅಂಚನ್ನು ಧಾರಾಳವಾಗಿ ಬಳಸಬಹುದು. ಗೆರೆಗಳು ಅಕ್ಕಪಕ್ಕ ಬಹುದೂರ ಸಾಗುವ ಚಾರ್ಟ್‌ನಲ್ಲಿ ಅಂಚನ್ನು ಅರ್ಧ ಪಾಯಿಂಟಿಗೆ ಇಳಿಸುತ್ತೇನೆ, ಇಲ್ಲವೇ ಗೆರೆಗಳಿಗೆ ಅಂಚನ್ನೇ ಕೊಡದೆ ಹೆಸರುಗಳಿಗೆ ಮಾತ್ರ ಕೊಡುತ್ತೇನೆ. ಜನಗಣತಿಯ ಚಾರ್ಟ್‌ನಲ್ಲಿ ಕೊನೆಗೆ ಉಳಿಸಿಕೊಂಡದ್ದು ಈ ಎರಡನೆಯ ದಾರಿಯನ್ನೇ. ಲೇಖನದ ವಿಷಯ ಕರ್ನಾಟಕವೇ ಆಗಿದ್ದರೆ ಅದೊಂದರ ಗೆರೆಯನ್ನು ಮೂರು ಪಾಯಿಂಟಿಗೆ ಏರಿಸಿ, ಉಳಿದೆರಡನ್ನು ಬೂದು ಬಣ್ಣದ ಒಂದು ಪಾಯಿಂಟಿಗೆ ಇಳಿಸುವುದು ಯಾವ ಎಫೆಕ್ಟ್‌ಗಿಂತಲೂ ಹೆಚ್ಚು ಉಪಕಾರಿ.

ತುಂಡು ಗೆರೆಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಡ್ಯಾಶ್ ಇರುವ ಗೆರೆಗೆ ವಿತ್‌ಸ್ಟ್ರೋಕ್ ಹಾಕಿದರೆ ಅಂಚೂ ಅದೇ ತುಂಡುಗಳಾಗಿ ಬರುತ್ತದೆ. ಬದಿಗಳಲ್ಲಿ ಬಿಳಿ ಇರುತ್ತದೆ, ತುಂಡು ತುಂಡಿನ ನಡುವಿನ ಸಂದಿನಲ್ಲಿ ಹಿಂದಿನ ಗೆರೆ ಇಣುಕುತ್ತದೆ. ಅಖಂಡವಾದ ಅಂಚು ಬೇಕಿದ್ದರೆ ಅದೇ ಅಂಕಿಗಳನ್ನು ಬಿಳಿಯ ದಪ್ಪ ಅಖಂಡ ಗೆರೆಯಾಗಿ ಮೊದಲು ಎಳೆದು, ಅದರ ಮೇಲೆ ತುಂಡು ಗೆರೆಯನ್ನು ಎಳೆಯುವುದು ಸುಲಭ. ಆ ಬಿಳಿ ಗೆರೆಗೆ ಲೇಬಲ್ ಕೊಡಬೇಡಿ, ಕೊಟ್ಟರೆ ಅದು ಲೆಜೆಂಡ್‌ನಲ್ಲಿ, ಅಂದರೆ ಯಾವ ಗೆರೆ ಯಾವುದರದ್ದು ಎಂದು ಹೇಳುವ ಸೂಚಿಯಲ್ಲಿ, ಬಂದು ಕೂರುತ್ತದೆ. ಪಾತ್ ಎಫೆಕ್ಟ್ಸ್ ಕೊಟ್ಟ ಗೆರೆಯ ಎಫೆಕ್ಟ್ ಲೆಜೆಂಡ್‌ನಲ್ಲಿರುವ ಅದರ ಮಾದರಿಗೂ ತಾನಾಗಿ ಅನ್ವಯವಾಗುತ್ತದೆ, ಅದಕ್ಕಾಗಿ ಬೇರೆ ಕೆಲಸ ಮಾಡಬೇಕಿಲ್ಲ.

ನೆರಳು, ಕಚ್ಚು ಮತ್ತು ಉಳಿದವು

ನೆರಳಿಗೆ ಎರಡು ಎಫೆಕ್ಟ್‌ಗಳಿವೆ. ಗೆರೆಗೆ ಸಿಂಪಲ್‌ಲೈನ್‌ಶ್ಯಾಡೋ, ಬಣ್ಣ ತುಂಬಿದ ಆಕಾರಗಳಿಗೂ ಅಕ್ಷರಗಳಿಗೂ ಸಿಂಪಲ್‌ಪ್ಯಾಚ್‌ಶ್ಯಾಡೋ. ಏನನ್ನೂ ಹೇಳದಿದ್ದರೆ ಎರಡೂ ನೆರಳನ್ನು ಬಲಕ್ಕೆ 2 ಪಾಯಿಂಟ್, ಕೆಳಕ್ಕೆ 2 ಪಾಯಿಂಟ್ ಸರಿಸಿ, ಮೂವತ್ತು ಪ್ರತಿಶತ ಗಾಢತೆಯಲ್ಲಿ ಹಾಕುತ್ತವೆ. ಸರಿಸುವ ಅಳತೆಯನ್ನು ಆಫ್‌ಸೆಟ್ ಎಂಬ ಜೋಡಿ ಸಂಖ್ಯೆಯಲ್ಲಿ ಬದಲಿಸಬಹುದು. ಅದರಲ್ಲಿ ಧನಸಂಖ್ಯೆ ಬಲಕ್ಕೂ ಮೇಲಕ್ಕೂ, ಋಣಸಂಖ್ಯೆ ಎಡಕ್ಕೂ ಕೆಳಕ್ಕೂ. ಇವೆರಡೂ ನೆರಳನ್ನಷ್ಟೇ ಹಾಕುವುದರಿಂದ ಹಿಂದೆಯೇ ನಾರ್ಮಲ್ ಬರೆಯುವುದನ್ನು ಮರೆಯಬಾರದು. ಆಕಾರಕ್ಕೆ ಮೀಸಲಾದ ನೆರಳನ್ನು ಮರೆತು ಗೆರೆಗೆ ಹಾಕಿದರೆ ಗೆರೆಯ ಎರಡು ತುದಿಗಳ ನಡುವಿನ ಜಾಗವೆಲ್ಲ ಬೂದು ತುಂಬಿಕೊಳ್ಳುತ್ತದೆ. ಅಂತಹ ವಿಚಿತ್ರ ಬೂದು ಆಕಾರ ಕಂಡರೆ ಕಾರಣ ಇದೇ ಎಂದು ತಿಳಿಯಿರಿ.

ನೆರಳನ್ನು ನಾನು ಬಳಸುವುದು ಅಪರೂಪ. ಬಾರ್ ಚಾರ್ಟ್‌ನ ಕಂಬಕ್ಕೆ ನೆರಳು ಹಾಕಿದರೆ ಕಂಬದ ತುದಿ ಎಲ್ಲಿ ಮುಗಿಯಿತು ಎಂಬುದೇ ಮಸುಕಾಗುತ್ತದೆ. ಗೆರೆಗೆ ಹಾಕಿದರೆ ಪಕ್ಕದ ಗೆರೆಯೋ ನೆರಳೋ ಎಂದು ಓದುಗರು ಎರಡು ಸಲ ನೋಡಬೇಕಾಗುತ್ತದೆ. ಶೀರ್ಷಿಕೆಗೆ ಅಥವಾ ಸಭೆಯಲ್ಲಿ ಪ್ರೊಜೆಕ್ಟರ್ ಮೂಲಕ ತೋರಿಸುವ ಒಂದು ದೊಡ್ಡ ಅಂಕಿಗೆ ಹಾಕಲು ಅಡ್ಡಿಯಿಲ್ಲ.

ಟಿಕ್ಡ್‌ಸ್ಟ್ರೋಕ್ ಮಾತ್ರ ಬೇರೆ ಜಾತಿಯದು. ಅದು ಗೆರೆಯ ಉದ್ದಕ್ಕೂ, ನಾವು ಬೇರೆ ಹೇಳದಿದ್ದರೆ ಹತ್ತು ಪಾಯಿಂಟಿಗೆ ಒಂದರಂತೆ, 45 ಡಿಗ್ರಿ ಓರೆಯ ಕಚ್ಚುಗಳನ್ನು ಹಾಕುತ್ತದೆ. ಗಣಿತದಲ್ಲಿ ಮಿತಿಯ ಗೆರೆಯ ಯಾವ ಬದಿ ನಿಷಿದ್ಧ ಎಂದು ತೋರಿಸಲು ಇದು ಉಪಯುಕ್ತ. ಕಚ್ಚು ಯಾವ ಬದಿಗೆ ಬರುತ್ತದೆ ಎಂಬುದನ್ನು ಆ್ಯಂಗಲ್ ತೀರ್ಮಾನಿಸುತ್ತದೆ: ಇರುವೆಯೊಂದು ಗೆರೆಯ ಮೇಲೆ ನಡೆಯುತ್ತಿದೆ ಎಂದುಕೊಂಡರೆ ಸೊನ್ನೆ ಡಿಗ್ರಿ ಅದರ ಮುಂದಕ್ಕೆ, 90 ಡಿಗ್ರಿ ಅದರ ಎಡಕ್ಕೆ, ಋಣ 90 ಅದರ ಬಲಕ್ಕೆ. ಇರುವೆ ಹೊರಡುವುದು ಅಂಕಿಗಳ ಪಟ್ಟಿಯ ಮೊದಲ ಬಿಂದುವಿನಿಂದ. ಆದ್ದರಿಂದ ಪಟ್ಟಿಯನ್ನು ತಿರುಗಿಸಿ ಕೊಟ್ಟರೆ ಕಚ್ಚುಗಳೂ ಮತ್ತೊಂದು ಬದಿಗೆ ಹೋಗುತ್ತವೆ. ಇದಲ್ಲದೆ ಪಾತ್‌ಪ್ಯಾಚ್‌ಎಫೆಕ್ಟ್ ಎಂಬುದೂ ಇದೆ. ಅದು ದೊಡ್ಡ ಅಕ್ಷರಗಳೊಳಗೆ ಅಡ್ಡಗೆರೆಗಳನ್ನು ತುಂಬಲು ಒದಗುತ್ತದೆ, ಪೋಸ್ಟರ್ ಮಾಡುವವರಿಗೆ ಬೇಕಾದೀತು.

ಸಾವಿರಾರು ಬಿಂದುಗಳಿರುವ ಸ್ಕ್ಯಾಟರ್ ಚಾರ್ಟ್‌ಗೆ ಇವುಗಳಲ್ಲಿ ಯಾವುದನ್ನೂ ಹಾಕಬೇಡಿ. ಎಫೆಕ್ಟ್ ಎಂದರೆ ಪ್ರತಿ ಆಕಾರವನ್ನೂ ಮತ್ತೊಮ್ಮೆ ಚಿತ್ರಿಸುವುದು, ಹೀಗಾಗಿ ಚಾರ್ಟ್ ನಿಧಾನವಾಗುತ್ತದೆ. ಬಿಂದುಗಳಿಗೆ ಎಡ್ಜ್‌ಕಲರ್ ಎಂಬ ಸಾಮಾನ್ಯ ಆಯ್ಕೆಯಲ್ಲೇ ಬಿಳಿ ಅಂಚು ಸಿಗುತ್ತದೆ.

ಕನ್ನಡದ ಹೆಸರುಗಳಿಗೆ ಬೇಕಾದ ವಿಶೇಷ ಜಾಗ್ರತೆ

ಇಂಗ್ಲಿಷ್ ಹೆಸರುಗಳಿಗಾದರೆ ಇಷ್ಟು ಸಾಕು. ಕನ್ನಡದಲ್ಲಿ ಬರೆಯುವವರಿಗೆ ಇನ್ನೂ ಮೂರು ತೊಡಕುಗಳಿವೆ.

ಮೊದಲನೆಯದು ಫಾಂಟ್. ಮ್ಯಾಟ್‌ಪ್ಲಾಟ್‌ಲಿಬ್ ತಾನಾಗಿ ಬಳಸುವ ಡೇಜಾವು ಸ್ಯಾನ್ಸ್ ಎಂಬ ಫಾಂಟಿನಲ್ಲಿ ಕನ್ನಡ ಅಕ್ಷರಗಳಿಲ್ಲ. ಕರ್ನಾಟಕ ಎಂದು ಬರೆದರೆ ಚೌಕಗಳ ಸಾಲು ಬರುತ್ತದೆ, ಜೊತೆಗೆ 3221ನೇ ಗ್ಲಿಫ್ ಫಾಂಟಿನಲ್ಲಿ ಇಲ್ಲ ಎಂಬ ಎಚ್ಚರಿಕೆ ಕಾಣಿಸುತ್ತದೆ. 3221 ಎಂದರೆ ಯೂನಿಕೋಡ್‌ನಲ್ಲಿ ಕ ಅಕ್ಷರದ ಸಂಖ್ಯೆ. ಫಾಂಟ್ ಫ್ಯಾಮಿಲಿಯನ್ನು ನೋಟೋ ಸ್ಯಾನ್ಸ್ ಕನ್ನಡ ಎಂದು ಬದಲಿಸಿದರೆ ಚೌಕಗಳು ಹೋಗುತ್ತವೆ. 3.6ನೇ ಆವೃತ್ತಿಯಿಂದ ಈಚೆಗೆ ಎರಡು ಫಾಂಟ್‌ಗಳ ಹೆಸರನ್ನು ಪಟ್ಟಿಯಾಗಿ ಕೊಟ್ಟು, ಒಂದರಲ್ಲಿ ಇಲ್ಲದ ಅಕ್ಷರವನ್ನು ಇನ್ನೊಂದರಿಂದ ತರಿಸಿಕೊಳ್ಳಲೂ ಆಗುತ್ತದೆ.

ಎರಡನೆಯದು ಅಕ್ಷರ ಜೋಡಣೆ, ದೊಡ್ಡ ತೊಡಕು ಇದೇ. ಮ್ಯಾಟ್‌ಪ್ಲಾಟ್‌ಲಿಬ್‌ನ ಅನೇಕ ಆವೃತ್ತಿಗಳು ಅಕ್ಷರಗಳನ್ನು ಒಂದರ ಪಕ್ಕ ಒಂದರಂತೆ ಇಡುತ್ತವೆಯೇ ಹೊರತು ಒತ್ತಕ್ಷರ ಕಟ್ಟುವುದಿಲ್ಲ. ನಮ್ಮ ಮೂರು ಹೆಸರುಗಳೇ ಒಳ್ಳೆಯ ಪರೀಕ್ಷೆ. ಕರ್ನಾಟಕದಲ್ಲಿ ನಾ ಆದ ಮೇಲೆ ಬರಬೇಕಾದ ಅರ್ಕಾವತ್ತು ಬಾರದೆ, ರ ಪೂರ್ಣಾಕ್ಷರವಾಗಿ ನಿಂತು ಅದರ ಪಕ್ಕದಲ್ಲಿ ಹಲಂತದ ಚಿಹ್ನೆ ಬಿಡಿಯಾಗಿ ಕಾಣುತ್ತದೆ. ರಾಜಸ್ಥಾನದಲ್ಲಿ ಸ ಕೆಳಗೆ ಹೋಗಬೇಕಾದ ಥ ಒತ್ತು ಕೆಳಗಿಳಿಯದೆ ಪೂರ್ತಿ ಗಾತ್ರದಲ್ಲಿ ಪಕ್ಕದಲ್ಲೇ ಕೂರುತ್ತದೆ. ಗುಜರಾತ್‌ನ ಕೊನೆಯ ತ ಮತ್ತು ಅದರ ಹಲಂತ ಬೇರೆ ಬೇರೆಯಾಗಿ ಬೀಳುತ್ತವೆ. ನಿಮ್ಮ ಕಂಪ್ಯೂಟರಿನಲ್ಲಿರುವ ಆವೃತ್ತಿ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಚಾರ್ಟ್ ಮಾಡಲು ಕೂರುವ ಮೊದಲೇ ಕರ್ನಾಟಕ ಎಂಬ ಒಂದೇ ಪದ ಬರೆದು ನೋಡಿ.

ಮೂರನೆಯದು ಎರಡು ಸಾಲಿನ ಹೆಸರುಗಳದ್ದು. ಒಂದು ಸಾಲಿನ ಎಲ್ಲ ಅಕ್ಷರಗಳ ಅಂಚು ಒಟ್ಟಿಗೆ ಬರೆದಾದ ಮೇಲೆ ಅಕ್ಷರಗಳು ಬರುವುದರಿಂದ ಒಂದಕ್ಷರದ ಅಂಚು ಪಕ್ಕದ ಅಕ್ಷರವನ್ನು ಮುಚ್ಚುವುದಿಲ್ಲ. ಆದರೆ ಸಾಲು ಸಾಲನ್ನು ಬೇರೆ ಬೇರೆಯಾಗಿ ಚಿತ್ರಿಸಲಾಗುತ್ತದೆ. ಎರಡನೆಯ ಸಾಲಿನ ಅಂಚು ಮೊದಲ ಸಾಲಿನ ಮೇಲೆ ಹರಡಬಹುದು. ಇಂಗ್ಲಿಷ್‌ನಲ್ಲಿ ಗೆರೆಯ ಕೆಳಗಿಳಿಯುವ ಅಕ್ಷರಗಳು ಕೆಲವೇ ಆದ್ದರಿಂದ ಇದು ಅಷ್ಟಾಗಿ ಕಾಣುವುದಿಲ್ಲ. ನಮ್ಮಲ್ಲಿ ಒತ್ತಕ್ಷರಗಳೆಲ್ಲ ಕೆಳಗೇ ಜೋತುಬೀಳುವುದರಿಂದ ಅವುಗಳ ಬುಡ ಕತ್ತರಿಸಿಹೋಗುತ್ತದೆ. ಲೈನ್‌ಸ್ಪೇಸಿಂಗ್ ತಾನಾಗಿ 1.2 ಇರುತ್ತದೆ. ಕನ್ನಡಕ್ಕೆ ಅದನ್ನು 1.5ಕ್ಕೆ ಏರಿಸಿ.

ಅಕ್ಷರ ಜೋಡಣೆಯ ತೊಡಕಿಗೆ ಎಸ್‌ವಿಜಿ ಕಡತದ, ಅಂದರೆ ಬ್ರೌಸರ್‌ನಲ್ಲೇ ತೆರೆಯುವ ಒಂದು ಬಗೆಯ ಚಿತ್ರ ಕಡತದ, ದಾರಿ ಇದೆ. ಎಸ್‌ವಿಜಿ ಡಾಟ್ ಫಾಂಟ್‌ಟೈಪ್ ಎಂಬ ಸೆಟ್ಟಿಂಗನ್ನು ನನ್ ಎಂದು ಇಟ್ಟು ಚಾರ್ಟ್ ಉಳಿಸಿದರೆ ಹೆಸರುಗಳು ಆಕಾರಗಳಾಗದೆ ಪಠ್ಯವಾಗಿಯೇ ಕಡತದಲ್ಲಿ ಉಳಿಯುತ್ತವೆ, ಬ್ರೌಸರ್ ಅವನ್ನು ತೆರೆದಾಗ ತನ್ನದೇ ಜೋಡಣೆಯಿಂದ ಒತ್ತಕ್ಷರಗಳನ್ನು ಸರಿಯಾಗಿ ಕಟ್ಟಿ ತೋರಿಸುತ್ತದೆ. ಆದರೆ ಪಾತ್ ಎಫೆಕ್ಟ್ಸ್ ಹಾಕಿದ ಹೆಸರಿಗೆ ಈ ಅನುಕೂಲ ಸಿಗುವುದಿಲ್ಲ. ಅಂಚು ಎಳೆಯಲು ಅಕ್ಷರದ ಹೊರರೇಖೆ ಬೇಕಾದ್ದರಿಂದ ಆ ಹೆಸರು ಮ್ಯಾಟ್‌ಪ್ಲಾಟ್‌ಲಿಬ್‌ನೊಳಗೇ ಆಕಾರವಾಗಿ ಮಾರ್ಪಡುತ್ತದೆ. ಅದನ್ನು ಕಡತದಲ್ಲಿ ಹುಡುಕಲೂ ನಕಲು ಮಾಡಲೂ ಬರುವುದಿಲ್ಲ. ಪಿಡಿಎಫ್‌ನಲ್ಲೂ ಹೀಗೆಯೇ.

ಆದ್ದರಿಂದ ಕನ್ನಡದ ಹೆಸರುಗಳಿಗೆ ಅಂಚನ್ನು ಎಸ್‌ವಿಜಿಯೊಳಗೇ ಕೊಡಬೇಕು. ಮೊದಲು ಪೈಥಾನ್‌ನಲ್ಲಿ ಆ ಹೆಸರುಗಳಿಂದ ಪಾತ್ ಎಫೆಕ್ಟ್ಸ್ ತೆಗೆದುಹಾಕಿ, ಪ್ರತಿಯೊಂದಕ್ಕೂ ಸೆಟ್ ಜಿಐಡಿ ಆದೇಶದಿಂದ ಒಂದು ಗುರುತು ಕೊಡಿ. ಕಡತವನ್ನು ಉಳಿಸಿ ಯಾವುದಾದರೂ ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆದರೆ ಆರಂಭದಲ್ಲೇ ಒಂದು ಸಣ್ಣ ಸ್ಟೈಲ್ ಭಾಗ ಕಾಣುತ್ತದೆ. ಅಲ್ಲಿ ಆ ಗುರುತುಗಳಿಗೆ ನಾಲ್ಕು ಗುಣಗಳನ್ನು ಸೇರಿಸಿ: ಸ್ಟ್ರೋಕ್ ಬಿಳಿ, ಸ್ಟ್ರೋಕ್ ವಿಡ್ತ್ 3, ಸ್ಟ್ರೋಕ್ ಲೈನ್‌ಜಾಯಿನ್ ರೌಂಡ್, ಪೇಂಟ್ ಆರ್ಡರ್ ಸ್ಟ್ರೋಕ್. ಹೆಸರಿನಲ್ಲಿರುವ ಪದಗಳ ನಡುವೆ ಇಲ್ಲಿ ಅಂಡರ್‌ಸ್ಕೋರ್ ಬದಲು ಅಡ್ಡಗೆರೆ ಬರುತ್ತದೆ. ಕೊನೆಯ ಗುಣವೇ ಮುಖ್ಯ, ಅಂಚನ್ನು ಮೊದಲು ಎಳೆದು ಅಕ್ಷರವನ್ನು ಮೇಲೆ ತುಂಬು ಎಂದು ಬ್ರೌಸರ್‌ಗೆ ಹೇಳುವುದು ಅದು. ಅದಿಲ್ಲದಿದ್ದರೆ ಬಿಳಿ ಗೆರೆ ಅಕ್ಷರದ ಮೇಲೆಯೇ ಬಿದ್ದು, ಸ್ಟ್ರೋಕ್ ಒಂದನ್ನೇ ಕೊಟ್ಟಾಗ ಆಗಿದ್ದ ಇಲಿ ಕಡಿತ ಇಲ್ಲಿಯೂ ಆಗುತ್ತದೆ. ಮ್ಯಾಟ್‌ಪ್ಲಾಟ್‌ಲಿಬ್ ಎಸ್‌ವಿಜಿಯನ್ನು ಇಂಚಿಗೆ 72 ಅಳತೆಯಲ್ಲೇ ಬರೆಯುವುದರಿಂದ ಇಲ್ಲಿನ 3 ಕೂಡ ಅದೇ ಮೂರು ಪಾಯಿಂಟ್.

ಹೆಸರು ಪಠ್ಯವಾಗಿ ಉಳಿದ ಎಸ್‌ವಿಜಿಯನ್ನು ನೋಡುವವರ ಕಂಪ್ಯೂಟರಿನಲ್ಲಿ ನೀವು ಹೇಳಿದ ಫಾಂಟ್ ಇರಬೇಕು, ಇಲ್ಲದಿದ್ದರೆ ಬೇರೊಂದು ಫಾಂಟಿನಲ್ಲಿ ಕಂಡು ಅಳತೆ ಆಚೀಚೆಯಾಗುತ್ತದೆ. ಮುದ್ರಣಕ್ಕೆ ಕಳುಹಿಸುವ ಮೊದಲು ಕಡತವನ್ನು ಇಂಕ್‌ಸ್ಕೇಪ್ ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲಿ ತೆರೆದು, ಹೆಸರುಗಳನ್ನು ಆರಿಸಿ ಆಬ್ಜೆಕ್ಟ್ ಟು ಪಾತ್ ಕೊಟ್ಟರೆ ಒತ್ತಕ್ಷರಗಳು ಸರಿಯಾಗಿ ಕಟ್ಟಿಕೊಂಡ ಸ್ಥಿತಿಯಲ್ಲೇ ಆಕಾರಗಳಾಗಿ ನೆಲೆಗೊಳ್ಳುತ್ತವೆ. ಚಾರ್ಟ್‌ನ ಅಳತೆಯನ್ನು ಅಚ್ಚಾಗುವ ಅಳತೆಗೇ ಇಟ್ಟುಕೊಂಡು ಈ ಕೆಲಸ ಮಾಡಬೇಕು. 14 ಇಂಚಿಗೆ ಮಾಡಿದ್ದನ್ನು ಪತ್ರಿಕೆಯವರು ಮೂರೂವರೆ ಇಂಚಿನ ಕಾಲಮಿಗೆ ಇಳಿಸಿದರೆ ಒಂದೂವರೆ ಪಾಯಿಂಟ್ ಅಂಚು ಅರ್ಧ ಪಾಯಿಂಟಿಗೂ ಕಡಿಮೆಯಾಗಿ ಇದ್ದೂ ಇಲ್ಲದಂತಾಗುತ್ತದೆ. ಆಕಾರವಾದ ಹೆಸರಿನಲ್ಲಿ ಆಮೇಲೆ ಕಾಗುಣಿತದ ತಪ್ಪು ಕಂಡರೆ ತಿದ್ದಲು ಬರುವುದಿಲ್ಲ. ಹಾಗಾಗಿ ಪಠ್ಯವಿರುವ ಮೂಲ ಕಡತವನ್ನು ಬೇರೆ ಹೆಸರಿನಲ್ಲಿ ಇಟ್ಟುಕೊಂಡಿರಿ.